ಒರೆಯೂ ಅಲಗೂ: ಬಾಲಿದ್ವೀಪದ ಕೆರಿಸ್ ಸಂಗ್ರಹದ ಮೌಲ್ಯವಿಚಾರ

೧

ಕಲಾವಸ್ತುಗಳ ಸಂಗ್ರಹವೂ ಒಂದು ಬಗೆಯ ವಿಮರ್ಶೆಯೇ ಸರಿ. ಸಂಗ್ರಾಹಕನು ನೂರು ವಸ್ತುಗಳನ್ನು ನೋಡಿ ಒಂದನ್ನು ಆರಿಸುತ್ತಾನೆ, ಆರಿಸಿದುದಕ್ಕೆ ಬೆಲೆ ಕಟ್ಟುತ್ತಾನೆ, ಉಳಿದುದನ್ನು ಕೈಬಿಡುತ್ತಾನೆ. ಅವನ ತೀರ್ಪು ಬರವಣಿಗೆಯ ರೂಪವನ್ನು ತಾಳುವುದು ಅಪರೂಪ. ಗಾಜಿನ ಕಪಾಟಿನಲ್ಲಿ ಯಾವುದು ಮುಂದೆ ನಿಂತಿದೆ, ಯಾವುದು ಹಿಂದೆ ಸರಿದಿದೆ, ಯಾವುದಕ್ಕೆ ಸ್ಥಾನವೇ ಇಲ್ಲ ಎಂಬುದರಲ್ಲಿ ಅದು ವ್ಯಕ್ತವಾಗುತ್ತದೆ. ಕಾವ್ಯವಿಮರ್ಶಕನ ಮಾತನ್ನು ನಾವು ಹೇಗೆ ಪರೀಕ್ಷಿಸದೆ ಒಪ್ಪುವುದಿಲ್ಲವೋ ಹಾಗೆಯೇ ಈ ಮೂಕತೀರ್ಪನ್ನೂ ಪರೀಕ್ಷಿಸದೆ ಒಪ್ಪಲಾಗದು. ದೂರದೇಶದ ಒಂದು ಕಲೆಯನ್ನು ಲೋಕವು ಬಹುಮಟ್ಟಿಗೆ ಸಂಗ್ರಾಹಕನ ಕಣ್ಣಿನಿಂದಲೇ ಕಾಣುತ್ತದೆಯಾದ್ದರಿಂದ, ಆ ಕಣ್ಣಿನಲ್ಲಿ ದೋಷವಿದ್ದರೆ ಲೋಕದ ತಿಳಿವಳಿಕೆಯಲ್ಲಿಯೂ ಅದೇ ದೋಷ ಇಳಿದುಬರುತ್ತದೆ.

ಈ ಮಾತಿಗೆ ಬಾಲಿದ್ವೀಪದ ಕಠಾರಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಕೆರಿಸ್ ಎಂದು ಹೆಸರಾದ ಈ ಆಯುಧವೂ ಅದರ ಅಲಂಕೃತವಾದ ಒರೆಯೂ ಯೂರೋಪು ಅಮೆರಿಕಗಳ ಸಂಗ್ರಹಗಳಲ್ಲಿ ಬಹುಕಾಲದಿಂದ ಮಾನ್ಯವಾಗಿವೆ. ಅವುಗಳ ಮೇಲೆ ಗ್ರಂಥಗಳಿವೆ; ಹರಾಜುಗಳಲ್ಲಿ ಅವುಗಳಿಗೆ ಪೈಪೋಟಿಯಿದೆ. ಆದರೆ ಸಂಗ್ರಹದ ಈ ಪರಂಪರೆ ಒಂದಾಗಿರಬೇಕಾದುದನ್ನು ಎರಡಾಗಿ ಸೀಳಿತು ಎಂಬುದು ನಮ್ಮ ಆಕ್ಷೇಪ. ಅಲಗನ್ನು ಮೆಚ್ಚಿದವರು ಒರೆಯನ್ನು ಕಡೆಗಣಿಸಿದರು. ಒರೆಯನ್ನು ಮೆಚ್ಚಿದವರು ಅಲಗನ್ನು ಮರೆತರು. ಎರಡನ್ನೂ ಮೆಚ್ಚಿದವರಲ್ಲಿಯೂ ಅವು ಯಾರ ಸೊಂಟದಿಂದ, ಯಾರ ಮನೆಯಿಂದ ಬಂದುವೆಂದು ವಿಚಾರಿಸಿದವರು ವಿರಳ. ಈ ಮೂರು ಲೋಪಗಳನ್ನು ಒಂದೊಂದಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವಸ್ತುಸ್ವರೂಪವನ್ನು ತಿಳಿಯಬೇಕು. ಕೆರಿಸಿನ ಅಲಗು ಎರಡು ಬಾಯಿಗಳುಳ್ಳದ್ದು. ನೆಟ್ಟಗಿರಬಹುದು, ಇಲ್ಲವೆ ಹಾವಿನಂತೆ ಬಳುಕಿರಬಹುದು. ಬಳುಕುಗಳ ಸಂಖ್ಯೆ ಯಾವಾಗಲೂ ಬೆಸವಾಗಿರಬೇಕೆಂಬುದು ನಿಯಮ. ಅಲಗಿನ ಬುಡ ಎರಡು ಕಡೆಗೂ ಸಮವಾಗಿರುವುದಿಲ್ಲ. ಒಂದು ಕಡೆ ಅಗಲವಾಗಿ ಚಾಚಿಕೊಂಡಿರುತ್ತದೆ. ಆ ಬುಡಕ್ಕೆ ಗಂಜ ಎಂಬ ಬೇರೊಂದು ಲೋಹದ ತುಂಡನ್ನು ಅಡ್ಡಲಾಗಿ ಕೂಡಿಸಿರುತ್ತಾರೆ. ಅದರಿಂದ ಹೊರಟ ಸಣ್ಣ ಕಂಬಿಯು ಹಿಡಿಯೊಳಗೆ ಸೇರುತ್ತದೆ. ಹಿಡಿಗೂ ಅಲಗಿಗೂ ಮೊಳೆಯ ಬಂಧನವಿಲ್ಲ. ಬಟ್ಟೆಯನ್ನು ಸುತ್ತಿ ಬಿಗಿಯಾಗಿ ಒತ್ತಿ ಕೂಡಿಸುವುದೇ ರೂಢಿ. ಆದ್ದರಿಂದ ಅಲಗು, ಹಿಡಿ, ಒರೆ ಈ ಮೂರನ್ನೂ ಯಾರು ಬೇಕಾದರೂ ಕ್ಷಣಮಾತ್ರದಲ್ಲಿ ಬೇರ್ಪಡಿಸಬಹುದು. ಮುಂದೆ ಹೇಳಲಿರುವ ಅನರ್ಥಕ್ಕೆ ಈ ಸಣ್ಣ ಸಂಗತಿಯೇ ಅವಕಾಶ ಮಾಡಿಕೊಟ್ಟಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅಲಗಿನ ಶಿಲ್ಪ ಕಮ್ಮಾರನ ಕುಲುಮೆಯಲ್ಲಿ ಹುಟ್ಟುತ್ತದೆ. ನಿಕ್ಕಲಿನ ಅಂಶವುಳ್ಳ ಲೋಹವನ್ನು ಸಾಧಾರಣ ಕಬ್ಬಿಣದೊಡನೆ ಸೇರಿಸಿ, ಕಾಯಿಸಿ, ಮಡಿಸಿ, ಮತ್ತೆ ಬಡಿದು, ನಡುವೆ ಉಕ್ಕಿನ ಪದರವನ್ನಿಡುತ್ತಾರೆ. ಅಲಗು ಸಿದ್ಧವಾದ ಮೇಲೆ ನಿಂಬೆಯ ರಸವನ್ನೂ ಪಾಷಾಣವನ್ನೂ ಲೇಪಿಸಿದಾಗ ಕಬ್ಬಿಣ ಕಪ್ಪಾಗುತ್ತದೆ, ನಿಕ್ಕಲಿನ ಪದರ ಬೆಳ್ಳಿಯಂತೆ ಉಳಿಯುತ್ತದೆ. ಹೀಗೆ ಮೂಡುವ ರೇಖಾವಿನ್ಯಾಸಕ್ಕೆ ಪಾಮೋರ್ ಎಂದು ಹೆಸರು. ಕನ್ನಡ ತೆಲುಗುಗಳ ‘ಉಕ್ಕು’ ಎಂಬ ಶಬ್ದವೇ ‘ವುಟ್ಜ್’ ಆಯಿತೆಂದು ವಿದ್ವಾಂಸರು ಊಹಿಸುವ ನಮ್ಮ ದಕ್ಷಿಣದೇಶದ ಮೂಸೆಯುಕ್ಕಿನಲ್ಲಿಯೂ ನೀರಿನ ಅಲೆಯಂಥ ಗೆರೆಗಳು ತೋರುತ್ತವೆ. ಆದರೆ ಅವು ಲೋಹ ಕರಗಿ ಆರುವಾಗ ಒಳಗಿನಿಂದ ಉಂಟಾದವು. ಪಾಮೋರಿನ ಗೆರೆಗಳು ಸುತ್ತಿಗೆಯ ಪೆಟ್ಟಿನಿಂದ ಉಂಟಾದವು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸಲ್ಲದು.

ಜಾವಾದ ಕೆರಿಸಿಗೂ ಬಾಲಿಯ ಕೆರಿಸಿಗೂ ಇರುವ ಭೇದ ಗಮನಾರ್ಹವಾದುದು. ಜಾವಾದ ಅಲಗು ಸಾಮಾನ್ಯವಾಗಿ ೩೫ ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ ಬಾಲಿಯದು ೪೦ರಿಂದ ೫೦ ಸೆಂಟಿಮೀಟರಿನವರೆಗೆ ಬೆಳೆಯುತ್ತದೆ; ತೂಕವೂ ಹೆಚ್ಚು. ಜಾವಾದಲ್ಲಿ ಪದೇ ಪದೇ ತೊಳೆದುದರಿಂದ ಅಲಗಿನ ಮೈ ಒರಟಾಗಿ, ಪಾಮೋರಿನ ಗೆರೆಗಳು ಬೆರಳಿಗೆ ತಾಕುವಂತಿರುತ್ತವೆ. ಬಾಲಿಯಲ್ಲಿ ಅದನ್ನು ಕನ್ನಡಿಯಂತೆ ಉಜ್ಜಿ ನುಣುಪು ಮಾಡುತ್ತಾರೆ. ಜಾವಾದವರು ಕೆರಿಸನ್ನು ಬೆನ್ನಿನ ಕೆಳಗೆ ನಡುಪಟ್ಟಿಗೆ ಸಿಕ್ಕಿಸಿದರೆ ಬಾಲಿಯವರು ಹಿಡಿಯು ಹೆಗಲಿನ ಮೇಲಕ್ಕೆ ಕಾಣುವಂತೆ ಬೆನ್ನಿನ ಮೇಲೆ ಎತ್ತರವಾಗಿ ಧರಿಸುತ್ತಾರೆ. ಸಂಯಮ ಒಂದರ ಗುಣ, ವೈಭವ ಮತ್ತೊಂದರ ಗುಣ ಎನ್ನಬಹುದು. ಮಜಪಹಿತ್ ಸಾಮ್ರಾಜ್ಯದ ಸಂಸ್ಕೃತಿಯ ಉತ್ತರಾಧಿಕಾರ ಬಾಲಿಗೆ ಬಂದುದರಿಂದ ಈ ವೈಭವದಲ್ಲಿ ಹಳೆಯ ಹಿಂದೂ ಜಾವಾದ ಛಾಯೆ ಉಳಿದಿದೆ.

ಆ ಹಳೆಯ ಜಗತ್ತಿನಲ್ಲಿ ಕಮ್ಮಾರನಿಗಿದ್ದ ಗೌರವಕ್ಕೆ ಮಧ್ಯಜಾವಾದ ಲಾವು ಪರ್ವತದ ಇಳಿಜಾರಿನಲ್ಲಿರುವ, ಹದಿನೈದನೆಯ ಶತಮಾನದ ಸುಕುಹ್ ದೇವಾಲಯದ ಒಂದು ಶಿಲಾಫಲಕ ಸಾಕ್ಷಿ. ಅಲ್ಲಿ ಅಲಗನ್ನು ರೂಪಿಸುತ್ತ ಕುಳಿತ ಕಮ್ಮಾರನು ಭೀಮನೆಂದೂ, ತಿದಿಯೊತ್ತುವವನು ಅರ್ಜುನನೆಂದೂ, ಇಬ್ಬರ ನಡುವೆ ಕುಣಿಯುತ್ತಿರುವ ಗಜಮುಖನು ಗಣಪತಿಯೆಂದೂ ಗುರುತಿಸಲಾಗಿದೆ. ರನ್ನನ ಸಾಹಸಭೀಮನನ್ನು ಬಲ್ಲ ಕನ್ನಡಿಗರಿಗೆ ಕುಲುಮೆಯ ಮುಂದೆ ಕುಳಿತ ಈ ಭೀಮನು ಅಪೂರ್ವನಾಗಿ ತೋರದಿರನು. ಬಾಲಿಯಲ್ಲಿ ಇಂದಿಗೂ ಪಾಂಡೆ ಎಂಬ ಲೋಹಕಾರರ ಕುಲದವರು ತಮ್ಮ ಮೂಲವನ್ನು ಅಗ್ನಿಗೆ ಅಧಿದೇವತೆಯಾದ ಬ್ರಹ್ಮನಲ್ಲಿ ಕಾಣುತ್ತಾರೆ. ತಮ್ಮ ಕುಲದ ಪುರೋಹಿತರಿಂದಲೇ ತೀರ್ಥವನ್ನು ಪಡೆಯುತ್ತಾರೆ.

೩

ಇನ್ನು ಒರೆಯ ವಿಚಾರ. ಬಾಲಿಯ ಒರೆ ಮರದ್ದು. ಮೇಲೆ ದೋಣಿಯಂತೆಯೋ ಎಲೆಯಂತೆಯೋ ಅಗಲವಾದ ತಲೆ, ಕೆಳಗೆ ನೀಳವಾದ ಕೋಶ. ತಲೆಯ ಆಕಾರಕ್ಕನುಗುಣವಾಗಿ ಹೆಸರುಗಳಿವೆ: ಎರಡು ಕೊನೆಗಳೂ ಗರಿಗೆದರಿದಂತಿರುವುದು ಸೆಸ್ರೆಂಗತನ್, ಅಂಚುಗಳು ದುಂಡಗಾಗಿ ತಗ್ಗಿದುದು ಕೊಜೊಂಗನ್, ಮಾವಿನ ವಾಟೆಯಂತೆ ಕಾಣುವುದಕ್ಕೆ ಬಾತುನ್ ಪೊಹ್, ಎಂದರೆ ಮಾವಿನ ವಾಟೆಯೆಂದೇ ಹೆಸರು. ದಿನಬಳಕೆಯ ವಸ್ತುವಿನಿಂದ ಹೆಸರನ್ನು ಪಡೆಯುವ ಈ ಪದ್ಧತಿ ನಮ್ಮ ಅಕ್ಕಸಾಲಿಗರ ಒಡವೆಗಳ ಹೆಸರುಗಳನ್ನು ನೆನಪಿಗೆ ತರುತ್ತದೆ.

ಒರೆಗೆ ಬಳಸುವ ಮರಗಳಲ್ಲಿ ಪೆಲೆತ್ ಎಂಬುದು ಅತ್ಯಂತ ಮಾನ್ಯವಾದುದು. ತಿಳಿಯಾದ ಮೈಯಲ್ಲಿ ಕಪ್ಪು ಕಂದು ಮಚ್ಚೆಗಳು ತಾವಾಗಿಯೇ ಚೆಲ್ಲಿದಂತಿರುವ ಈ ಮರದ ಒಂದೇ ತುಂಡಿನಲ್ಲಿ ತಲೆ ಕೋಶಗಳೆರಡನ್ನೂ ಕಡೆದಿದ್ದರೆ ಅದಕ್ಕೆ ಬೆಲೆ ಹೆಚ್ಚು. ಇಲ್ಲಿ ಕುಶಲಿಯು ಅಲಂಕಾರವನ್ನು ಸೇರಿಸುವುದಿಲ್ಲ. ಮರದಲ್ಲಿಯೇ ಇದ್ದ ಅಲಂಕಾರವನ್ನು ಕಂಡು, ಅದು ಕೆಡದಂತೆ ಕೆತ್ತುತ್ತಾನೆ. ಮತ್ತೊಂದು ಬಗೆಯ ಒರೆಗಳಲ್ಲಿ ಬಣ್ಣ ಮತ್ತು ಚಿನ್ನದ ರೇಕಿನಿಂದ ಹೂಬಳ್ಳಿಗಳನ್ನು ಬರೆದಿರುತ್ತದೆ. ರಾಜಮನೆತನಗಳ ಒರೆಗಳಲ್ಲಿ ದಂತ, ಆಮೆಚಿಪ್ಪು, ಉಬ್ಬುಕೆಲಸದ ಬೆಳ್ಳಿ ಅಥವಾ ಚಿನ್ನದ ತಗಡು ಕಾಣುತ್ತವೆ. ಹಿಡಿಯಂತೂ ಕೆಲವೊಮ್ಮೆ ಒಂದು ಪೂರ್ಣ ಶಿಲ್ಪವೇ ಆಗಿರುತ್ತದೆ: ಅಮೃತಪಾತ್ರೆಯನ್ನು ಹಿಡಿದ ಬಾಯು, ಎಂದರೆ ನಮ್ಮ ವಾಯುದೇವ, ಕಣ್ಣರಳಿಸಿದ ರಾಕ್ಷಸ, ಹನುಮಂತ. ಹಿಡಿಯ ಬುಡಕ್ಕೆ ಕಲ್ಲುಗಳನ್ನು ಕೂಡಿಸಿದ ಬಳೆ.

ಈ ಅಲಂಕಾರಕ್ಕೆ ಅರ್ಥವೇನು? ಅಲಗು ಮನೆತನದ ಒಳಗಿನ ಶಕ್ತಿಯಾದರೆ ಒರೆ ಆ ಮನೆತನದ ಹೊರಗಿನ ಮಾನ. ಅಲಗನ್ನು ಎಲ್ಲರೂ ನೋಡತಕ್ಕದ್ದಲ್ಲ. ಕಾರಣವಿಲ್ಲದೆ ಅದನ್ನು ಹಿರಿಯತಕ್ಕದ್ದೂ ಅಲ್ಲ. ಸಭೆಯಲ್ಲಿ ಕಾಣುವುದು ಒರೆ ಮತ್ತು ಹಿಡಿ ಮಾತ್ರ. ಧರಿಸಿದವನ ಅಂತಸ್ತು, ಸಂದರ್ಭದ ಗಾಂಭೀರ್ಯ, ಉತ್ಸವದ ಸ್ವರೂಪ ಇವೆಲ್ಲವನ್ನೂ ಒರೆಯೇ ಹೇಳಬೇಕು. ಕಾಣದಿರುವುದಕ್ಕೆ ಕಾಣುವುದೇ ಸಾಕ್ಷಿಯಾಗುವ ಈ ಸಂಬಂಧವನ್ನು ಜಾವಾದ ಅನುಭಾವಿಗಳು ಬಹು ಮಾರ್ಮಿಕವಾಗಿ ಬಳಸಿಕೊಂಡಿದ್ದಾರೆ. ಕೆರಿಸು ಒರೆಯನ್ನು ಹೊಗುವುದು, ಒರೆಯು ಕೆರಿಸನ್ನು ಹೊಗುವುದು ಎಂಬ ನುಡಿ ಅಲ್ಲಿ ಭಕ್ತನಿಗೂ ಭಗವಂತನಿಗೂ ಆಗುವ ಐಕ್ಯದ ಸಂಕೇತ. ಒಂದು ಇನ್ನೊಂದರ ಬರಿಯ ಹೊದಿಕೆಯಾಗಿದ್ದರೆ ಇಂಥ ನುಡಿ ಹುಟ್ಟುತ್ತಿರಲಿಲ್ಲ.

ಕನ್ನಡನಾಡಿನಲ್ಲಿ ಇದಕ್ಕೆ ಹತ್ತಿರದ ವಸ್ತುವನ್ನು ಹುಡುಕಿದರೆ ಕೊಡಗಿನ ಪೀಚೆಕತ್ತಿಯನ್ನು ಹೆಸರಿಸಬಹುದು. ಬೆಳ್ಳಿಯ ಕೆಲಸದ ಒರೆಯೊಡನೆ ಅದನ್ನು ವರನು ಸೊಂಟದಲ್ಲಿ ಧರಿಸಿದಾಗ ಅದರ ಹರಿತವನ್ನು ಯಾರೂ ಪರೀಕ್ಷಿಸುವುದಿಲ್ಲ. ಆದರೂ ಅಲಗಿಲ್ಲದ ಬರಿಯ ಒರೆಯನ್ನು ಧರಿಸಲು ಯಾರೂ ಒಪ್ಪುವುದೂ ಇಲ್ಲ.

೪

ಸಂಗ್ರಾಹಕರ ಕೈಯಲ್ಲಿ ಈ ಐಕ್ಯ ಏನಾಯಿತೆಂಬುದನ್ನು ಈಗ ನೋಡಬಹುದು. ರಾಫಲ್ಸನು ೧೮೧೭ರಲ್ಲಿ ಪ್ರಕಟಿಸಿದ ಜಾವಾದ ಇತಿಹಾಸದಲ್ಲಿ ಕೆರಿಸುಗಳ ಚಿತ್ರಫಲಕಗಳಿವೆ. ಇಪ್ಪತ್ತನೆಯ ಶತಮಾನದಲ್ಲಿ, ಅಮೆರಿಕದ ಜಾರ್ಜ್ ಕ್ಯಾಮರನ್ ಸ್ಟೋನ್ ೧೯೩೪ರಲ್ಲಿ ಸಮಸ್ತ ದೇಶಗಳ ಆಯುಧಗಳ ಕೋಶವೊಂದನ್ನು ಹೊರತಂದನು; ಅವನ ಆಯುಧಸಂಗ್ರಹ ಮರಣಾನಂತರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಮಲಯದಲ್ಲಿ ಅಧಿಕಾರಿಯಾಗಿದ್ದ ಜೆರಾಲ್ಡ್ ಗಾರ್ಡ್ನರ್ ೧೯೩೬ರಲ್ಲಿ ಕೆರಿಸು ಮತ್ತು ಇತರ ಮಲಯ ಆಯುಧಗಳನ್ನು ಕುರಿತ ಗ್ರಂಥವನ್ನು ಬರೆದನು. ಇವರ ಶ್ರಮವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ರೂಪಭೇದಗಳನ್ನು ಗುರುತಿಸಿ ಹೆಸರುಗಳನ್ನು ಕಲೆಹಾಕಿದವರು ಇಂಥವರೇ. ಆದರೆ ಆಯುಧಕೋಶದ ದೃಷ್ಟಿಗೆ ಕೆರಿಸು ಮೊದಲು ಆಯುಧ. ಒರೆ ಅದರ ಅನುಬಂಧ.

ಈ ದೃಷ್ಟಿಯಿಂದ ಸಂಗ್ರಾಹಕರಲ್ಲಿ ಎರಡು ಪಂಥಗಳು ಬೆಳೆದುವು. ಮೊದಲನೆಯದು ಅಲಗಿನ ಪಂಥ. ಇವರಿಗೆ ಪಾಮೋರು, ಬಳುಕು, ಪ್ರಾಚೀನತೆಗಳೇ ಸರ್ವಸ್ವ. ಒರೆ ಹೊಸದಾಗಿದ್ದರೆ ವಸ್ತುವಿನ ಬೆಲೆ ಕುಗ್ಗಿತೆಂದೂ ಅದು ‘ಮೂಲ’ವಲ್ಲವೆಂದೂ ಇವರು ಹೇಳುತ್ತಾರೆ. ಎರಡನೆಯದು ಅಲಂಕಾರದ ಪಂಥ. ಚಿನ್ನದ ಹಿಡಿ, ದಂತದ ಒರೆ ಇವರ ಗುರಿ. ಒಳಗಿರುವುದು ತುಕ್ಕು ಹಿಡಿದ ಅಲಗಾದರೂ ಇವರಿಗೆ ಚಿಂತೆಯಿಲ್ಲ. ಹಿಡಿಗಳನ್ನಷ್ಟೇ ಅಲಗಿನಿಂದ ಕಿತ್ತು ಸಾಲಾಗಿ ಜೋಡಿಸುವ ಸಂಗ್ರಹಗಳೂ ಹುಟ್ಟಿಕೊಂಡುವು. ಇದು ಕೆರಿಸಿಗೆ ಮಾತ್ರ ಬಂದ ದುರವಸ್ಥೆಯಲ್ಲ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಹಸಿರುಕಲ್ಲಿನ ಹಿಡಿಯ ಮೊಗಲ್ ಕಠಾರಿಗಳ ಮುಂದೆ ನಿಲ್ಲುವವರು ಹಿಡಿಯನ್ನು ನೋಡುತ್ತಾರೆ. ಉಕ್ಕಿನ ಮಾತನ್ನು ಎತ್ತುವವರು ಕಡಿಮೆ.

ಅಲಗಿನ ಪಂಥದ ‘ಮೂಲ’ವಾದವನ್ನು ಇಲ್ಲಿ ವಿಶೇಷವಾಗಿ ಪರೀಕ್ಷಿಸಬೇಕು, ಏಕೆಂದರೆ ಅದು ಪಾಂಡಿತ್ಯದ ವೇಷದಲ್ಲಿ ಬರುತ್ತದೆ. ತೇವದ ಹವೆಯಲ್ಲಿ ಮರ ಬಾಳುವುದು ಕೆಲವು ತಲೆಮಾರು. ಪೋಷಿಸಿದ ಲೋಹ ಬಾಳುವುದು ಶತಮಾನಗಳು. ಆದ್ದರಿಂದ ಒರೆ ಜೀರ್ಣವಾದಾಗ ಹೊಸದನ್ನು ಮಾಡಿಸುವುದು, ಮನೆತನದ ಸ್ಥಿತಿ ಉತ್ತಮವಾದಾಗ ಹೆಚ್ಚು ಬೆಲೆಯದನ್ನು ಮಾಡಿಸುವುದು ಬಾಲಿಯಲ್ಲಿ ಸಹಜವಾದ ಆಚಾರ. ಅಲಗಿಗಿಂತ ಒರೆ ಚಿಕ್ಕ ವಯಸ್ಸಿನದಾಗಿರುವುದು ಲೋಪವಲ್ಲ, ಆ ಅಲಗನ್ನು ಯಾರೋ ಗೌರವಿಸುತ್ತ ಬಂದರೆಂಬುದಕ್ಕೆ ಪ್ರಮಾಣ. ಗ್ರಂಥಸಂಪಾದನೆಯ ಪರಿಚಯವುಳ್ಳ ನಮ್ಮ ವಾಚಕರಿಗೆ ಇದನ್ನು ತಿಳಿಸುವುದು ಸುಲಭ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ನಮಗೆ ದೊರೆತುದು ಬಹುಕಾಲಾನಂತರ ನಕಲು ಮಾಡಿದ ಓಲೆಗಳಲ್ಲಿ. ಓಲೆ ಹೊಸದೆಂಬ ಕಾರಣಕ್ಕೆ ಕೃತಿಯನ್ನು ನಾವು ಹಳಿಯುವುದಿಲ್ಲ. ಹೊಸ ಓಲೆಯಲ್ಲಿ ಮತ್ತೆ ಬರೆದಿಟ್ಟವನಿಗೆ ಕೃತಜ್ಞರಾಗಿರುತ್ತೇವೆ. ಅಲಗು ಕೃತಿಯಾದರೆ ಒರೆ ಓಲೆ.

ಹಾಗೆಂದು ಯಾವ ಒರೆಯಾದರೂ ಆದೀತೆಂದು ಅರ್ಥವಲ್ಲ. ಅಲಗಿನ ಬುಡ ಅಸಮವಾಗಿರುವುದರಿಂದ ಒರೆಯ ಬಾಯನ್ನು ಆ ಒಂದು ಅಲಗಿನ ಅಳತೆಗೆ ಸರಿಯಾಗಿ ಕೊರೆಯಬೇಕಾಗುತ್ತದೆ. ತನ್ನ ಒರೆಯಲ್ಲಿ ಕುಳಿತ ಕೆರಿಸಿನ ಗಂಜವು ಮರದೊಡನೆ ಕೂಡಿದ ಗೆರೆಯಂತೆ ಕಾಣುತ್ತದೆ. ಬೇರೆಯದರ ಒರೆಯಾಗಿದ್ದರೆ ಸಂದು ಬಿಡುತ್ತದೆ, ಅಥವಾ ಅಲಗು ಪೂರ್ತಿ ಇಳಿಯುವುದಿಲ್ಲ. ಭಕ್ತಿಯಿಂದ ಮಾಡಿಸಿದ ಹೊಸ ಒರೆಗೂ, ವ್ಯಾಪಾರಿಯು ಒಂದರ ಅಲಗನ್ನು ಇನ್ನೊಂದರ ಒರೆಗೆ ತುರುಕಿದ ಜೋಡಣೆಗೂ ಇರುವ ಅಂತರ ಹೀಗೆ ಕಣ್ಣಿಗೆ ಕಾಣುವಂಥದು. ಕನ್ನಡದಲ್ಲಿ ಕತ್ತಿಯ ಕೋಶಕ್ಕೂ, ಚಿನ್ನವನ್ನು ತಿಕ್ಕಿ ನೋಡುವ ಪರೀಕ್ಷೆಗೂ ಒರೆ ಎಂದೇ ಹೆಸರು. ಕೆರಿಸಿನ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದೇ ಕಡೆ ಸೇರುತ್ತವೆ: ಒರೆಯೇ ಸಂಗ್ರಾಹಕನ ಒರೆಗಲ್ಲು.

೫

ಮೂರನೆಯ ಲೋಪ ರುಚಿಗೆ ಸಂಬಂಧಿಸಿದುದಲ್ಲ, ಧರ್ಮಕ್ಕೆ ಸಂಬಂಧಿಸಿದುದು. ಚಿನ್ನದ ಹಿಡಿಯ ರಾಜಕೆರಿಸುಗಳಲ್ಲಿ ಹಲವು ಮಾರಾಟದಿಂದಲೋ ಕಾಣಿಕೆಯಿಂದಲೋ ಹೊರದೇಶವನ್ನು ಸೇರಿದವಲ್ಲ. ೧೮೯೪ರಲ್ಲಿ ಡಚ್ಚರು ಲೊಂಬೋಕ್ ದ್ವೀಪದ ಬಾಲಿ ಮೂಲದ ರಾಜವಂಶದ ಮೇಲೆ ದಂಡೆತ್ತಿ ಹೋಗಿ ಚಕ್ರನಗರದ ಅರಮನೆಯನ್ನು ಹಿಡಿದರು. ಅಲ್ಲಿಯ ಭಂಡಾರ ‘ಲೊಂಬೋಕ್ ನಿಧಿ’ ಎಂಬ ಹೆಸರಿನಿಂದ ಕೊಳ್ಳೆಯ ವಸ್ತುವಾಯಿತು. ಆ ದಂಡಿನೊಡನೆ ಇದ್ದ ವಿದ್ವಾಂಸ ಬ್ರಾಂಡೆಸನು ಅರಮನೆಯ ಗ್ರಂಥಭಂಡಾರದಿಂದ ಉಳಿಸಿದ ತಾಳೆಗರಿಗಳಲ್ಲಿ ೧೩೬೫ರಲ್ಲಿ ಪ್ರಪಂಚ ಕವಿಯು ರಚಿಸಿದ ನಾಗರಕೃತಾಗಮವಿತ್ತು. ಮಜಪಹಿತ್ತಿನ ಚರಿತ್ರೆಗೆ ಆಧಾರವಾದ ಆ ಕಾವ್ಯವನ್ನು ಉಳಿಸಿದ ಕೈಯೂ ಅರಮನೆಯನ್ನು ದೋಚಿದ ಕೈಯೂ ಒಂದೇ ದಂಡಿನವು ಎಂಬುದು ಸಂಗ್ರಹದ ಇತಿಹಾಸದಲ್ಲಿ ಅಡಗಿರುವ ವೈಪರೀತ್ಯ.

೧೯೦೬ರ ಸೆಪ್ಟೆಂಬರ್ ೨೦ರಂದು ಬಾಡುಂಗ್ ರಾಜ್ಯದಲ್ಲಿಯೂ, ೧೯೦೮ರ ಏಪ್ರಿಲ್ ೨೮ರಂದು ಕ್ಲುಂಗ್‌ಕುಂಗಿನಲ್ಲಿಯೂ ನಡೆದುದು ಇನ್ನೂ ಘೋರವಾದುದು. ಡಚ್ಚರ ಬಂದೂಕುಗಳಿಗೆದುರಾಗಿ ರಾಜನೂ ಪರಿವಾರದವರೂ ಸ್ತ್ರೀಯರೂ ಮಕ್ಕಳೂ ಅರಮನೆಯಿಂದ ಹೊರಟು, ಕೆರಿಸನ್ನು ಹಿರಿದು, ಕೊಲ್ಲಿಸಿಕೊಂಡೋ ತಮ್ಮನ್ನು ತಾವೇ ಇರಿದುಕೊಂಡೋ ಮಡಿದರು. ಅಂತ್ಯವೆಂಬ ಅರ್ಥದ ಪುಪುತಾನ್ ಎಂಬ ಹೆಸರಿನಿಂದ ಬಾಲಿಯವರು ಈ ಆತ್ಮಾರ್ಪಣವನ್ನು ನೆನೆಯುತ್ತಾರೆ. ಕ್ಲುಂಗ್‌ಕುಂಗಿನ ದೊರೆ ದೇವ ಅಗುಂಗ್ ಜಂಬೆಯು ನೆಲ ಬಿರಿದು ಶತ್ರುವನ್ನು ನುಂಗುವುದೆಂಬ ನಂಬಿಕೆಯಿಂದ ತನ್ನ ಕೆರಿಸನ್ನು ಭೂಮಿಗೆ ಚುಚ್ಚಿದನೆಂದು ಕಥೆಯುಂಟು. ನೆಲ ಬಿರಿಯಲಿಲ್ಲ. ಬಿದ್ದವರ ಕೆರಿಸುಗಳು ವಿಜೇತರ ಕೈಸೇರಿ, ಕೆಲವು ಬಟಾವಿಯದ ವಸ್ತುಸಂಗ್ರಹಾಲಯಕ್ಕೂ ಕೆಲವು ಲೈಡನ್ ನಗರಕ್ಕೂ ಹೋದುವು.

ಈ ಚರಿತ್ರೆಯನ್ನು ಬಲ್ಲವನಿಗೆ ಒಂದು ಚಿನ್ನದ ಹಿಡಿಯ ಕೆರಿಸನ್ನು ‘ಉತ್ತಮ ಸ್ಥಿತಿಯಲ್ಲಿದೆ’ ಎಂದಷ್ಟೇ ವರ್ಣಿಸುವ ಸೂಚಿಪತ್ರ ಅಪೂರ್ಣವೆಂದು ತೋರುವುದು. ಯಾರಿಂದ, ಯಾವಾಗ, ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ವರ್ಣನೆಯಲ್ಲಿ ಸೌಂದರ್ಯದ ಮಾತು ಎಷ್ಟಿದ್ದರೂ ಸತ್ಯದ ಮಾತು ಕೊರೆಯಾಗಿರುತ್ತದೆ. ಲೊಂಬೋಕ್ ನಿಧಿಯ ಒಂದು ಭಾಗ ೧೯೭೦ರ ದಶಕದಲ್ಲಿ ಇಂಡೊನೇಷ್ಯಕ್ಕೆ ಮರಳಿತು. ೨೦೨೩ರ ಜುಲೈ ತಿಂಗಳಲ್ಲಿ ನೆದರ್‌ಲೆಂಡ್ಸ್ ಸರ್ಕಾರ ೪೭೮ ವಸ್ತುಗಳನ್ನು ಹಿಂದಿರುಗಿಸಿತು. ಅವುಗಳಲ್ಲಿ ಲೊಂಬೋಕ್ ನಿಧಿಯ ೩೩೫ ವಸ್ತುಗಳೂ ಕ್ಲುಂಗ್‌ಕುಂಗಿನ ಒಂದು ಕೆರಿಸೂ ಸೇರಿದ್ದುವು. ಶತಮಾನವೊಂದು ಕಳೆದ ಮೇಲಾದರೂ ಆ ಮೂರು ಪ್ರಶ್ನೆಗಳನ್ನು ಕೇಳಿದುದರ ಫಲವಿದು.

೬

ಹಾಗಾದರೆ ಕೆರಿಸನ್ನು ಸಂಗ್ರಹಿಸುವುದೇ ತಪ್ಪೇ? ನಮ್ಮ ಅಭಿಪ್ರಾಯ ಹಾಗಿಲ್ಲ. ಕೊಳ್ಳೆಯ ವಸ್ತು ಹಿಂದಿರುಗಬೇಕು. ಪ್ರಾಮಾಣಿಕವಾಗಿ ಬಂದ ವಸ್ತುವನ್ನು ಕಾಯುವವನು ಬೇಕು. ಆದರೆ ಕಾಯುವುದೆಂದರೇನು ಎಂಬುದನ್ನು ಬಾಲಿಯವರಿಂದಲೇ ಕಲಿಯಬೇಕು. ಅಲ್ಲಿ ೨೧೦ ದಿನಗಳ ವರ್ಷಚಕ್ರದಲ್ಲಿ ತುಂಪೆಕ್ ಲಂದೆಪ್ ಎಂಬ ಪರ್ವದಿನ ಬರುತ್ತದೆ. ವಾರ ‘ಸನಿಶ್ಚರ’, ನಮ್ಮ ಶನೈಶ್ಚರನ ವಾರ. ಲಂದೆಪ್ ಎಂದರೆ ಹರಿತವಾದುದು. ಆ ದಿನ ಕೆರಿಸನ್ನು ಒರೆಯಿಂದ ತೆಗೆದು, ಶುಚಿಗೊಳಿಸಿ, ತೀರ್ಥವನ್ನು ಪ್ರೋಕ್ಷಿಸಿ, ಪಶುಪತಿಯನ್ನು ನೆನೆದು ನೈವೇದ್ಯವನ್ನರ್ಪಿಸಿ, ಮತ್ತೆ ಒರೆಗೆ ಸೇರಿಸುತ್ತಾರೆ. ಈಚೆಗೆ ಮೋಟಾರು ವಾಹನಗಳಿಗೂ ಯಂತ್ರಗಳಿಗೂ ಅದೇ ದಿನ ಪೂಜೆ ಸಲ್ಲುತ್ತದೆ; ಮಹಾನವಮಿಯ ಆಯುಧಪೂಜೆಯಲ್ಲಿ ಬಸ್ಸು ಲಾರಿಗಳಿಗೆ ಹೂಮಾಲೆ ಹಾಕುವ ನಮಗೆ ಇದು ಅಪರಿಚಿತವಾಗಿ ತೋರದು. ಒರೆಯಿಂದ ಹೊರಬಂದು ಮತ್ತೆ ಒರೆಯನ್ನು ಸೇರುವ ಈ ಚಲನೆಯಲ್ಲಿ ಕೆರಿಸು ಪೂರ್ಣವಾಗುತ್ತದೆ. ಗಾಜಿನ ಕಪಾಟಿನಲ್ಲಿ ಅಲಗು ಒಂದು ಕಡೆ, ಒರೆ ಒಂದು ಕಡೆ ಶಾಶ್ವತವಾಗಿ ನಿಂತಾಗ ಈ ಚಲನೆ ನಿಂತುಹೋಗುತ್ತದೆ.

ಬಾಲಿಯಲ್ಲಿಯೇ ಬೇರೊಂದು ಮಾದರಿಯೂ ಇದೆ. ೧೯೮೨ರಲ್ಲಿ ಉಬುದಿನಲ್ಲಿ ಕಲಾಸಂಗ್ರಹಾಲಯವನ್ನು ಸ್ಥಾಪಿಸಿದ ಸುತೇಜ ನೇಕ ಅವರು ಪಾಂಡೆ ಕುಲದವರು; ಚಿತ್ರಗಳ ಜೊತೆಗೆ ಕೆರಿಸುಗಳನ್ನೂ ಕಲೆಹಾಕಿ ೨೦೦೭ರಿಂದ ಪ್ರದರ್ಶನಕ್ಕಿಟ್ಟರು. ಕಮ್ಮಾರರ ವಂಶಜನೇ ಸಂಗ್ರಾಹಕನಾದಾಗ ಸಂಗ್ರಹವು ಕುಲದ ಋಣಸಂದಾಯವೂ ಆಗುತ್ತದೆ. ಯುನೆಸ್ಕೊ ಸಂಸ್ಥೆಯು ೨೦೦೫ರಲ್ಲಿ ಇಂಡೊನೇಷ್ಯದ ಕೆರಿಸನ್ನು ಮಾನವಕುಲದ ಅಮೂರ್ತ ಪರಂಪರೆಯ ಉತ್ತಮ ಕೃತಿಯೆಂದು ಘೋಷಿಸಿ ೨೦೦೮ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಇಲ್ಲಿ ‘ಅಮೂರ್ತ’ ಎಂಬ ಮಾತು ಗಮನಿಸತಕ್ಕದ್ದು. ಕಬ್ಬಿಣ ಮರಗಳಿಗಿಂತ ಹೆಚ್ಚಾಗಿ ಅವುಗಳನ್ನು ಮಾಡುವ ವಿದ್ಯೆ, ಧರಿಸುವ ಮರ್ಯಾದೆ, ಪೂಜಿಸುವ ಕ್ರಮ ಉಳಿಯಬೇಕೆಂಬುದು ಅದರ ತಾತ್ಪರ್ಯ.

ಆದ್ದರಿಂದ ಕೆರಿಸಿನ ಸಂಗ್ರಾಹಕನನ್ನು ಅಳೆಯಲು ಮೂರು ನಿಕಷಗಳನ್ನು ಸೂಚಿಸಬಹುದು. ಒರೆಗೆ ಅಲಗನ್ನು, ಅಲಗಿಗೆ ಒರೆಯನ್ನು ಅವನು ಕೂಡಿಸಿಯೇ ನೋಡುತ್ತಾನೆಯೇ? ಹೊಸ ಒರೆಯಲ್ಲಿ ಹಳೆಯ ಗೌರವವನ್ನು ಕಾಣಬಲ್ಲನೇ? ತನ್ನ ಕೈಗೆ ಬಂದ ದಾರಿಯನ್ನು ಮರೆಮಾಚದೆ ಹೇಳಬಲ್ಲನೇ? ಈ ಮೂರರಲ್ಲಿ ತೇರ್ಗಡೆಯಾದವನ ಸಂಗ್ರಹ, ಅದು ಐದೇ ಕೆರಿಸುಗಳದ್ದಾದರೂ, ವಿದ್ಯೆಯಾಗುತ್ತದೆ. ತೇರ್ಗಡೆಯಾಗದವನದು, ಐನೂರಾದರೂ, ಬರಿಯ ದಾಸ್ತಾನು. ಕನ್ನಡದ ಓಲೆಗರಿಗಳನ್ನೂ ವೀರಗಲ್ಲುಗಳನ್ನೂ ಹಳೆಯ ಆಯುಧಗಳನ್ನೂ ಕಲೆಹಾಕುತ್ತಿರುವ ನಮ್ಮವರೂ ತಮ್ಮ ಕಾರ್ಯವನ್ನು ಇದೇ ಒರೆಗೆ ಹಚ್ಚಿ ನೋಡಿಕೊಳ್ಳುವುದು ಉಚಿತ.